ಲೈಟಿಗೆ ಸಾವಿರಾರು, ಫ್ಯೂಸಿಗೆ ಚೌಕಾಸಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಚಾರ್ಮಾಡಿ ಘಾಟಿಗೆ ಹೊರಟ ಟೂರಿಂಗ್ ಬೈಕುಗಳು ಮೂಡಿಗೆರೆಯ ನಮ್ಮ ಅಂಗಡಿ ಮುಂದೆ ನಿಲ್ಲುತ್ತವೆ. ದೂರು ಹೆಚ್ಚುಕಡಿಮೆ ಒಂದೇ: ಹೆಡ್‌ಲೈಟ್ ಹೋಯ್ತು, ಏನೋ ಸುಟ್ಟ ವಾಸನೆ. ತಪ್ಪು ಬೈಕಿನದ್ದಲ್ಲ, ಆಮೇಲೆ ಹಾಕಿಸಿದ ಫಾಗ್ ಲೈಟಿನ ವೈರಿಂಗಿನದ್ದು.

ಮೊನ್ನೆ ಒಂದು ಬೈಕಿನ ಟ್ಯಾಂಕ್ ಎತ್ತಿ ನೋಡಿದೆ. ಹೆಡ್‌ಲೈಟಿನ ವೈರನ್ನು ಬ್ಲೇಡಿನಿಂದ ಸುಲಿದು, ಅಲ್ಲೇ ಹೊಸ ವೈರ್ ತಿರುಚಿ ಟೇಪ್ ಸುತ್ತಿದ್ದರು. ಟೇಪಿನ ಅಂಟು ಕರಗಿ ಜಾರಿತ್ತು, ಒಳಗೆ ತಾಮ್ರ ಹಸಿರುಗಟ್ಟಿತ್ತು. ಹ್ಯಾಂಡಲ್ ತಿರುಗುವ ಕಡೆ ವೈರ್ ಫ್ರೇಮಿಗೆ ಉಜ್ಜಿ ಸಿಪ್ಪೆ ಹೋಗಿತ್ತು. ಫ್ಯೂಸ್ ಪದೇ ಪದೇ ಹಾರುತ್ತದೆಂದು ಯಾರೋ ಪುಣ್ಯಾತ್ಮರು 10 ಆಂಪಿಯರಿನ ಜಾಗದಲ್ಲಿ 30ರದ್ದನ್ನು ಕೂರಿಸಿದ್ದರು. ಇನ್ನು ಸುಡುವುದು ವೈರೇ ಅಲ್ವಾ?

ಲೆಕ್ಕ ಕಷ್ಟದ್ದೇನಲ್ಲ. 55 ವ್ಯಾಟಿನ ಎರಡು ಹ್ಯಾಲೊಜೆನ್ ಬಲ್ಬ್ ಅಂದರೆ 110 ವ್ಯಾಟ್. 12 ವೋಲ್ಟಿನಿಂದ ಭಾಗಿಸಿದರೆ 9 ಆಂಪಿಯರ್ ದಾಟುತ್ತದೆ. ಹ್ಯಾಂಡಲಿನ ಪುಟ್ಟ ಸ್ವಿಚ್ಚು ಅಷ್ಟನ್ನು ತಾಳಿಕೊಳ್ಳುವುದಿಲ್ಲ, ಅದಕ್ಕೇ ರಿಲೇ ಬೇಕು, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು. ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್ ದಾಟಿ ರಿಲೇಯ 30ನೇ ಪಿನ್ನಿಗೆ, 87ರಿಂದ ಲೈಟಿಗೆ. ರಿಲೇಯನ್ನು ಆನ್ ಮಾಡುವ 85, 86ನೇ ಪಿನ್ನುಗಳಿಗೆ ಸ್ವಿಚ್ಚಿನ ತೆಳು ವೈರ್ ಸಾಕು. ಅದನ್ನು ಕೀ ಲೈನಿನಿಂದ ಕೊಟ್ಟರೆ ಕೀ ತೆಗೆದಾಗ ಲೈಟೂ ಆರುತ್ತದೆ. ಮೊಬೈಲ್ ಚಾರ್ಜರಿಗೂ ಇದೇ ಮಾತು. ನೇರ ಬ್ಯಾಟರಿಗೆ ಕೊಟ್ಟು ವಾರಗಟ್ಟಲೆ ನಿಲ್ಲಿಸಿದರೆ ಬ್ಯಾಟರಿ ಇಳಿಯಬಹುದು. ಫ್ಯೂಸ್ ಬ್ಯಾಟರಿಯಿಂದ ಗೇಣುದ್ದದ ಒಳಗಿರಬೇಕು. ಲೈಟಿನ ಹತ್ತಿರ ಹಾಕಿದರೆ ಸುಮ್ನೆ ಅಲಂಕಾರ.

'ನಮ್ಮದು ಎಲ್‌ಇಡಿ, ಕರೆಂಟ್ ಕಮ್ಮಿ ಎಳೆಯುತ್ತೆ' ಅನ್ನುತ್ತಾರೆ. ನಿಜ. ಆದರೆ ನಡುವೆ ವೈರ್ ಶಾರ್ಟ್ ಆದರೆ ಮುಂದೆ ಯಾವ ಬಲ್ಬ್ ಇದ್ದರೇನು?

ಮಂಜಿನಲ್ಲಿ ಲೈಟನ್ನು ಮೇಲೆ ಬಿಟ್ಟರೆ ಬೆಳಕು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ, ಎದುರಿನ ಬಸ್ ಡ್ರೈವರ್‌ಗೂ ತಿರುವು ಕಾಣುವುದಿಲ್ಲ. ಕೆಳಗೆ ಬಗ್ಗಿಸಿ ಎಂದರೆ ಮಾತ್ರ ಕೆಲವರಿಗೆ ಸಿಟ್ಟು.

ಲೈಟ್ ಹಾಕುವ ಅಂಗಡಿಯವರು ಫ್ಯೂಸ್ ಎಷ್ಟರದ್ದು, ಎಲ್ಲಿ ಕೂರಿಸಿದ್ದೇವೆ ಎಂದು ಬಿಲ್ಲಿನಲ್ಲೇ ಬರೆದುಕೊಡಲಿ. ಸಾರಿಗೆ ಇಲಾಖೆ ಇದನ್ನು ಕಡ್ಡಾಯ ಮಾಡಿದರೆ ಇನ್ನೂ ಒಳ್ಳೆಯದು. ಲೈಟಿಗೆ ಸಾವಿರಾರು ಸುರಿದು ರಿಲೇ ದುಡ್ಡಿಗೆ ಚೌಕಾಸಿ ಮಾಡುವ ಗ್ರಾಹಕರಿಗೂ ಒಂದು ಮಾತು: ಹಣ ಕೊಡುವ ಮೊದಲು ಸೀಟು ಎತ್ತಿಸಿ ಫ್ಯೂಸ್ ನೋಡಿ. ತೋರಿಸಲು ಗೊಣಗಿದರೆ ಬೇರೆ ಅಂಗಡಿ ಹುಡುಕಿ.

– ಒಬ್ಬ ಆಟೋ ಎಲೆಕ್ಟ್ರಿಷಿಯನ್, ಮೂಡಿಗೆರೆ