ನಡುರಾತ್ರಿ ಮೈಕು ಯಾಕೆ?

ರಾತ್ರಿ ವಿಮಾನಗಳಲ್ಲಿ ಸೀಟ್ ಬೆಲ್ಟ್ ದೀಪ ಗಂಟೆಗಟ್ಟಲೆ ಸುಮ್ನೆ ಉರಿಯುತ್ತಿರುತ್ತದೆ, ಬೇಡದ ಘೋಷಣೆಗಳು ನಿದ್ದೆ ಕೆಡಿಸುತ್ತವೆ. ಈಚೆಗೆ ಬೆಂಗಳೂರಿನಿಂದ ಯುರೋಪಿಗೆ ಹೊರಟ ವಿಮಾನವೊಂದರಲ್ಲಿ ನಡುರಾತ್ರಿ ಎರಡು ಭಾಷೆಗಳಲ್ಲಿ ಡ್ಯೂಟಿ ಫ್ರೀ ಸಾಮಾನಿನ ಪ್ರಚಾರ ನಡೆಯಿತು. ಆಗಷ್ಟೇ ಮಲಗಿದ್ದ ಪಕ್ಕದ ಸಾಲಿನ ಕೂಸು ಎದ್ದು ಅಳತೊಡಗಿತು. ಸೆಂಟು, ಚಾಕೊಲೇಟು ಮಾರಲು ಅದೇ ಹೊತ್ತಾಗಬೇಕೇ?

ಬೆಲ್ಟ್ ಬೇಡ ಎನ್ನುತ್ತಿಲ್ಲ. 2024ರ ಮೇ ತಿಂಗಳಲ್ಲಿ ಲಂಡನ್‌ನಿಂದ ರಾತ್ರಿ ಹೊರಟಿದ್ದ ಸಿಂಗಪುರ ಏರ್‌ಲೈನ್ಸ್ ವಿಮಾನ ಮ್ಯಾನ್ಮಾರ್ ಮೇಲೆ ಹಾರುವಾಗ ಜೋರಾಗಿ ಕುಲುಕಿತು. ಬೆಲ್ಟ್ ಹಾಕದವರು ಸೀಟಿನಿಂದ ಎಗರಿಬಿದ್ದರು. ಒಬ್ಬ ಪ್ರಯಾಣಿಕ ತೀರಿಕೊಂಡರು, ಹಲವರು ಗಾಯಗೊಂಡರು. ಮೋಡವೇ ಇಲ್ಲದ ಆಕಾಶದಲ್ಲಿ ಬರುವ ಕುಲುಕಾಟವಂತೂ ವಿಮಾನದ ರೇಡಾರ್‌ಗೂ ಕಾಣುವುದಿಲ್ಲ. ಅದಕ್ಕೇ ಆ ದೀಪಕ್ಕೊಂದು ಬೆಲೆ ಇರಬೇಕು. ವಿಮಾನ ಅಲುಗಾಡದೆ ಹೋಗುತ್ತಿದ್ದರೂ ದೀಪ ಆರದಿದ್ದರೆ ಜನ ಅದನ್ನು ನೋಡುವುದನ್ನೇ ಬಿಡುತ್ತಾರೆ. ಸಕ್ಕರೆ ಕಾಯಿಲೆಯ ಹಿರಿಯರು ಶೌಚಾಲಯಕ್ಕೆ ಏಳದೆ ಇನ್ನೇನು ಮಾಡಿಯಾರು?

ಮಲಗುವ ಮುನ್ನ ‘ಬೆಲ್ಟನ್ನು ಹೊದಿಕೆಯ ಮೇಲೆ ಕಾಣುವಂತೆ ಹಾಕಿಕೊಳ್ಳಿ’ ಎಂದು ಒಮ್ಮೆ ಹೇಳಿದರೆ ಸಾಕು. ಸಿಬ್ಬಂದಿ ಟಾರ್ಚ್ ಹಿಡಿದು ಒಬ್ಬೊಬ್ಬರನ್ನೇ ಎಬ್ಬಿಸುವುದು ತಪ್ಪುತ್ತದೆ. ಬೆಂಗಳೂರಿನ ವಿಮಾನಗಳಲ್ಲಿ ಈ ಮಾತು ಕನ್ನಡದಲ್ಲೂ ಇರಲಿ. ಆಮೇಲೆ ಬೆಳಗಿನ ತಿಂಡಿಯವರೆಗೆ ಸುರಕ್ಷತೆಯ ಸೂಚನೆ ಬಿಟ್ಟು ಬೇರೇನೂ ಮೈಕಿನಲ್ಲಿ ಬೇಡ ಎಂದು ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ವಿಮಾನಯಾನ ಕಂಪನಿಗಳಿಗೆ ಸೂಚಿಸಲಿ.