ಗೋಡೆ ಮೇಲಿನ ಮಾತು, ಗುಳೆ ಹೋಗುವ ಮಕ್ಕಳು

ಮಾನ್ಯ ಸಂಪಾದಕರೇ,

'ಪರರಿಗಾಗಿ ಬದುಕುವವರೇ ನಿಜವಾಗಿ ಬದುಕಿರುವವರು, ಉಳಿದವರು ಬದುಕಿದ್ದೂ ಸತ್ತಂತೆ.' ಸ್ವಾಮಿ ವಿವೇಕಾನಂದರ ಈ ಮಾತನ್ನು ಎಷ್ಟೋ ಶಾಲೆಗಳ ಗೋಡೆ ಮೇಲೆ ನೋಡುತ್ತೇವೆ. ಇದು ಅವರು ಮೈಸೂರಿನ ಮಹಾರಾಜ ಚಾಮರಾಜೇಂದ್ರ ಒಡೆಯರಿಗೆ 1894ರ ಜೂನ್ 23ರಂದು ಷಿಕಾಗೊದಿಂದ ಬರೆದ ಕಾಗದದಲ್ಲಿದೆ. ಆ ಕಾಗದದ ಮುಖ್ಯ ವಿಷಯವೇ ಬಡವರ ಮಕ್ಕಳ ಓದು. ನಾವು ಒಂದು ಸಾಲು ಇಟ್ಟುಕೊಂಡು ಉಳಿದದ್ದನ್ನು ಮರೆತಿದ್ದೇವೆ.

ಸ್ವಾಮೀಜಿ ಅದರಲ್ಲಿ ಹೇಳೋದು ಬಹಳ ನೇರವಾಗಿದೆ. ನೀವು ಊರೂರಿಗೆ ಪುಕ್ಕಟೆ ಶಾಲೆ ತೆರೆದರೂ ಪ್ರಯೋಜನ ಇಲ್ಲ, ಬಡತನ ಎಷ್ಟಿದೆ ಅಂದರೆ ಹುಡುಗ ಶಾಲೆ ಬಿಟ್ಟು ಅಪ್ಪನಿಗೆ ನೆರವಾಗಲು ಹೊಲಕ್ಕೇ ಹೋಗುತ್ತಾನೆ, ಅವನು ಬರಲಾಗದಿದ್ದರೆ ವಿದ್ಯೆಯೇ ಅವನಿದ್ದಲ್ಲಿಗೆ ಹೋಗಬೇಕು ಅನ್ನುತ್ತಾರೆ. ಹುಡುಗನನ್ನಾಗಲೀ ಅಪ್ಪನನ್ನಾಗಲೀ ಬೈಯುವುದಿಲ್ಲ. ದಾರಿಯನ್ನೂ ತೋರಿಸುತ್ತಾರೆ. ಊರೂರು ತಿರುಗಿ ಧರ್ಮ ಹೇಳುವ ಸನ್ಯಾಸಿಗಳು ಸಾವಿರಾರು ಮಂದಿ ಇದ್ದಾರಲ್ಲ, ಅವರಲ್ಲಿ ಕೆಲವರು ಲೌಕಿಕ ವಿದ್ಯೆಯನ್ನೂ ಕಲಿಸಲಿ. ಸಂಜೆ ಹೊತ್ತು ಇಬ್ಬರು ಒಂದು ಕ್ಯಾಮೆರಾ, ಒಂದು ಗ್ಲೋಬು, ಕೆಲವು ನಕ್ಷೆ ಹಿಡಿದು ಹಳ್ಳಿಗೆ ಹೋಗಲಿ, ದೇಶದೇಶದ ಕಥೆ ಹೇಳಲಿ, ಪುಸ್ತಕ ಓದಲು ಬಾರದವರೂ ಕಿವಿಯಿಂದಲೇ ಕಲಿಯುತ್ತಾರೆ ಅಂತ. ಸಂಜೆ ಅಂದದ್ದನ್ನು ಗಮನಿಸಿ. ದುಡಿಯುವವರಿಗೆ ಬಿಡುವು ಸಿಗೋದೇ ಆಗ. ಸನ್ಯಾಸಿಯೊಬ್ಬರು ಸನ್ಯಾಸಿಗಳಿಂದ ಭೂಗೋಳ, ಖಗೋಳ ಹೇಳಿಸಬೇಕು ಅಂತ ಆ ಕಾಲದಲ್ಲೇ ಯೋಚಿಸಿದ್ದರಲ್ಲ, ನನಗೆ ಅದು ತುಂಬ ದೊಡ್ಡದು ಅನ್ನಿಸುತ್ತದೆ.

ಈಗ ನಮ್ಮ ಕಡೆ ನೋಡಿ. ಶಾಲೆ ಇದೆ, ಬಿಸಿಯೂಟ ಇದೆ, 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಕಾಯ್ದೆ 2009ರಲ್ಲೇ ಬಂದಿದೆ. ಆದರೂ ಸುಗ್ಗಿ ಮುಗಿದ ಮೇಲೆ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಎಷ್ಟೋ ಕುಟುಂಬಗಳು ಬೆಂಗಳೂರು, ಪುಣೆ, ಗೋವಾಕ್ಕೆ ಗುಳೆ ಹೋಗುತ್ತವೆ. ಮಕ್ಕಳೂ ಜೊತೆಗೇ ಹೋಗುತ್ತಾರೆ. ಅಪ್ಪ ಅಮ್ಮ ಕಟ್ಟಡದ ಮೇಲೆ, ದೊಡ್ಡ ಮಗಳು ತಗಡಿನ ಶೆಡ್ಡಿನಲ್ಲಿ ತಮ್ಮನನ್ನು ಎತ್ತಿಕೊಂಡು. ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿ ಬೀಳುತ್ತಾ ಹೋಗುತ್ತದೆ. ಟೆಂಟ್ ಶಾಲೆಗಳು ಇವೆ, ಒಳ್ಳೆಯ ಕೆಲಸವೇ. ಆದರೆ ಎಲ್ಲ ಶೆಡ್ಡುಗಳ ಹತ್ತಿರವೂ ಇಲ್ಲವಲ್ಲ.

ಜನವರಿ 12 ಬಂದರೆ ಭಾಷಣ ಸ್ಪರ್ಧೆ, ಮೆರವಣಿಗೆ, ಕೇಸರಿ ಪೇಟ ಸುತ್ತಿದ ಪುಟ್ಟ ಮಕ್ಕಳು. ಮಾಡಲಿ, ಬೇಡ ಅನ್ನುವುದಿಲ್ಲ. ಅವತ್ತೇ ಪ್ರತಿ ಕಾಲೇಜು ತನ್ನ ಅಕ್ಕಪಕ್ಕ ಕಟ್ಟಡ ಕೆಲಸ ನಡೆಯುವ ಜಾಗ ಎಷ್ಟಿವೆ, ಅಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ಪಟ್ಟಿ ಮಾಡಲಿ. ಆಮೇಲೆ ವಾರಕ್ಕೆರಡು ಸಂಜೆ ಇಬ್ಬಿಬ್ಬರು ವಿದ್ಯಾರ್ಥಿಗಳು ಹೋಗಿ ಕನ್ನಡ, ಲೆಕ್ಕ ಹೇಳಿಕೊಡಲಿ. ನಮ್ಮ ಮಠಗಳಿಗೂ ನನ್ನ ವಿನಂತಿ ಇದೆ. ಲಕ್ಷಾಂತರ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟವರು ನೀವು. ನಿಮ್ಮ ಕಿರಿಯ ಸ್ವಾಮಿಗಳನ್ನು ಆ ಶೆಡ್ಡುಗಳಿಗೆ ಕಳಿಸಿ, ಒಂದು ಗ್ಲೋಬು ಕೈಯಲ್ಲಿ ಕೊಟ್ಟು.

– ನಿವೃತ್ತ ಶಿಕ್ಷಕಿ, ರಾಯಚೂರು