ಶಿಕೋಕು ನಡಿಗೆಯ ಚಿತ್ರ ತೆರೆಗೆ ಬಂತು: ಕೈಹಚ್ಚಿದವರಿಗೆ ಶರಣು

ಧಾರವಾಡದಲ್ಲಿ ನಮ್ಮ ಸಾಕ್ಷ್ಯಚಿತ್ರದ ಮೊದಲ ಪ್ರದರ್ಶನ ಮುಗಿಯಿತು. ಜಪಾನಿನ ಶಿಕೋಕು ದ್ವೀಪದಲ್ಲಿ 88 ದೇವಾಲಯಗಳನ್ನು ಸುತ್ತುವ ಸುಮಾರು 1,200 ಕಿಲೋಮೀಟರ್ ಹಾದಿ, ಏನನ್ನೋ ಅರಸಿ ಹೊರದೇಶಗಳಿಂದ ಅಲ್ಲಿಗೆ ಬಂದು ನಡೆಯುವ ಮಂದಿ, ಇದಿಷ್ಟು ಚಿತ್ರದ ವಸ್ತು. ಕೊನೆಯಲ್ಲಿ ಹೆಸರುಗಳು ಸರ್ರನೆ ಓಡಿಹೋದವು. ಯಾರು ಏನು ಮಾಡಿದರು ಅನ್ನುವುದು ಅಲ್ಲಿ ತಿಳಿಯಲಿಲ್ಲ, ಅದಕ್ಕೇ ಈ ಬರಹ.

ಮೊದಲ ಶರಣು ಕ್ಯಾಮೆರಾ ಮುಂದೆ ನಡೆದವರಿಗೆ. ದಿನಕ್ಕೆ 25–30 ಕಿಲೋಮೀಟರ್ ನಡೆದರೂ ಸುತ್ತು ಮುಗಿಯಲು 40ರಿಂದ 50 ದಿನ ಹಿಡಿಯುತ್ತದೆ. ಹಾದಿಯ ಬಹುಪಾಲು ಡಾಂಬರು ರಸ್ತೆ. ಬೆಟ್ಟ ಹತ್ತುವ ಗಟ್ಟಿ ಬೂಟು ತೊಟ್ಟು ಬಂದವರ ಅಂಗಾಲಿಗೆ ಅದೇ ಶತ್ರು. ಮಧ್ಯಾಹ್ನದ ಹೊತ್ತಿಗೆ ಪಾದ ಊದುವುದರಿಂದ ಅರ್ಧ ನಂಬರು ದೊಡ್ಡದಾದ, ಮೆತ್ತನೆ ಅಡಿಯ ಬೂಟೇ ಬೇಕು. 11ನೇ ಫುಜಿಯಿದೇರಾದಿಂದ 12ನೇ ಶೋಸಾನ್‌ಜಿಗೆ ಮಾತ್ರ ಕಾಡಿನ ಏರುದಾರಿ, ಸುಮಾರು 13 ಕಿಲೋಮೀಟರ್. ಇಂಥ ದಾರಿಗೆ ಅಲ್ಲಿಯವರು ‘ಹೆನ್ರೊ ಕೊರೊಗಾಶಿ’ ಅನ್ನುತ್ತಾರೆ, ಅಂದರೆ ಯಾತ್ರಿಕನನ್ನು ಉರುಳಿಸುವ ಜಾಗ. ಆ ಏರು ಇಳಿದ ಸಂಜೆಯೇ ಬೊಬ್ಬೆ ಎದ್ದ ಕಾಲು ಚಾಚಿ ಮಾತಾಡಲು ಒಪ್ಪಿದ್ದು ಸಣ್ಣ ಮಾತಲ್ಲ. ಊರುಗೋಲಿನ ಗಂಟೆ ಹೆಜ್ಜೆಗೊಮ್ಮೆ ಕಿಣಿ ಅಂದು ಮಾತನ್ನು ನುಂಗುತ್ತಿತ್ತು. ಮಾತಿನ ಹೊತ್ತಿನಲ್ಲಿ ಅದಕ್ಕೆ ಅರಿವೆ ಸುತ್ತಿಕೊಂಡರಲ್ಲ, ಅದಕ್ಕೂ ಶರಣು.

ಹುಬ್ಬಳ್ಳಿಯ ಟೇಲರ್ ಅಣ್ಣಾವ್ರಿಗೆ ಋಣ ದೊಡ್ಡದು. ಶಿಕೋಕುವಿನ ಕೋಚಿ ಕರಾವಳಿಯ ಸಮುದ್ರಗಾಳಿ ಬರಿ ಮೈಕಿಗೆ ಬಡಿದರೆ ಗುಡುಗಿನಂಥ ಸದ್ದು ಬಿಟ್ಟು ಬೇರೇನೂ ದಾಖಲಾಗುವುದಿಲ್ಲ. ಉದ್ದ ಎಳೆಯ ತುಪ್ಪಳಬಟ್ಟೆಯಲ್ಲಿ ಮೈಕಿಗೆ ಕುಲಾವಿ ಹೊಲಿದುಕೊಟ್ಟವರು ಅವರು. ಮೊದಲಿನದಕ್ಕೆ ಒಳಗೆ ಅಸ್ತರ ಹಾಕಿದ್ದರಿಂದ ಗಾಳಿಯ ಜೊತೆ ಮಾತೂ ಮಂಕಾಯಿತು. ಅಸ್ತರ ಬಿಚ್ಚಿ, ಎಳೆ ಹೊರಗೆ ಬರುವಂತೆ ಸಡಿಲವಾಗಿ ಹೊಲಿದ ಎರಡನೆಯದು ಕೊನೆತನಕ ನಡೆಯಿತು.

ಗದಗಿನಲ್ಲಿ ಮದುವೆ ವಿಡಿಯೋ ತೆಗೆಯುವ ಗೆಳೆಯರು ಹೊರಡುವ ಮುಂಚೆ ಒಂದು ಎಚ್ಚರಿಕೆ ಕೊಟ್ಟಿದ್ದರು. ನಮ್ಮ ಕರೆಂಟು 50 ಹರ್ಟ್ಸ್, ಶಿಕೋಕುವಿನದು 60. ಇಲ್ಲಿಯ ರೂಢಿಯಂತೆ ಶಟರ್ 1/50ಕ್ಕೆ ಇಟ್ಟರೆ ಅಲ್ಲಿಯ ಟ್ಯೂಬ್‌ಲೈಟಿನ ಕೆಳಗೆ ತೆರೆಯ ಮೇಲೆ ಪಟ್ಟೆ ಓಡುತ್ತವೆ. 1/60 ಇಲ್ಲವೇ 1/120 ಇಡಬೇಕು. ಅವಸರದಲ್ಲಿ ಇದನ್ನು ಮರೆತ ಎರಡು ದೃಶ್ಯಗಳನ್ನು ಬಿಡಲೇಬೇಕಾಯಿತು, ಒಮ್ಮೆ ಬಿದ್ದ ಪಟ್ಟೆ ಪೂರ್ತಿ ಹೋಗುವುದಿಲ್ಲ.

ಹಾವೇರಿ ಕಡೆಯಿಂದ ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವ ಅಕ್ಕಂದಿರು ಕಚ್ಚಾ ಚಿತ್ರ ನೋಡಿ ಒಂದು ಪದ ಕೊಟ್ಟರು. ಶಿಕೋಕುವಿನಲ್ಲಿ ದಾರಿಬದಿಯ ಜನ ಯಾತ್ರಿಕರಿಗೆ ಹಣ್ಣು, ಚಹಾ, ಚಿಲ್ಲರೆ ಕಾಸು ಕೊಡುವ ಪದ್ಧತಿಗೆ ‘ಒಸೆತ್ತಾಯಿ’ ಎಂದು ಹೆಸರು. ಬೇಡ ಅನ್ನುವಂತಿಲ್ಲ. ಪಡೆದವರು ತಮ್ಮ ಹೆಸರು ಬರೆದ ಕಾಗದದ ಚೀಟಿಯನ್ನು ಮರಳಿ ಕೊಡುತ್ತಾರೆ. ನಮ್ಮ ಅಡಿಬರಹದಲ್ಲಿ ಅದು ‘ದಾನ’ ಆಗಿತ್ತು. ದಾನ ಅಲ್ಲ, ದಾಸೋಹ ಅನ್ನಿರಿ ಅಂದರು ಅಕ್ಕಂದಿರು. ಮಲ್ಲಯ್ಯನ ದಾರಿಯಲ್ಲಿ ಅನ್ನ ನೀಡಿ ಕಾಲಿಗೆ ಎಣ್ಣೆ ತಿಕ್ಕುವವರು ತಮ್ಮನ್ನು ದಾನಿಗಳು ಅಂದುಕೊಳ್ಳುವುದಿಲ್ಲವಲ್ಲ. ಅಲ್ಲಿಯೂ ಕೊಡುವವರ ನಂಬಿಕೆ ಇದೇ ಜಾತಿಯದು: ಯಾತ್ರಿಕನ ಜೋಡಿ ಈ ಹಾದಿಯ ಆರಾಧ್ಯನಾದ ಬೌದ್ಧ ಗುರು ಕೋಬೋ ದಾಯಿಶಿ (774–835) ನಡೆಯುತ್ತಿದ್ದಾನೆ, ಕೊಟ್ಟದ್ದು ಅವನಿಗೆ ಸಲ್ಲುತ್ತದೆ. ಯಾತ್ರಿಕರ ಟೋಪಿಯ ಮೇಲಿನ ‘ದೋಗ್ಯೋ ನಿನಿನ್’ ಎಂಬ ಬರಹಕ್ಕೆ ‘ಜೋಡಿ ನಡೆಯುವ ಇಬ್ಬರು’ ಎಂಬ ಕನ್ನಡವೂ ಅವರ ಬಾಯಿಂದಲೇ ಬಂತು.

ನಿರೂಪಣೆಯಲ್ಲಿ ಮಾತಿಗೊಮ್ಮೆ ಬರುತ್ತಿದ್ದ ‘ಆಧ್ಯಾತ್ಮಿಕ ಬೆಳವಣಿಗೆ’ಯನ್ನು ಪೂರ್ತಿ ಕಿತ್ತುಹಾಕಿಸಿದ ಧಾರವಾಡದ ಸಂಸ್ಕೃತ ಮೇಷ್ಟ್ರಿಗೆ ಎರಡು ಸಲ ನಮಸ್ಕಾರ. ಎರಡನೆಯದು ಯಾಕೆಂದರೆ, ದೇವಾಲಯದ ಮುಂದೆ ಯಾತ್ರಿಕರು ಹೇಳುವ ‘ಗ್ಯಾತೆ ಗ್ಯಾತೆ ಹಾರಾ ಗ್ಯಾತೆ’ ಕಿವಿಗೆ ಬಿದ್ದದ್ದೇ ತಡ, ಅದು ಬೌದ್ಧರ ಪ್ರಜ್ಞಾಪಾರಮಿತಾ ಹೃದಯ ಸೂತ್ರದ ‘ಗತೇ ಗತೇ ಪಾರಗತೇ’ ಎಂದು ಗುರುತು ಹಿಡಿದರು. ಚೀನಾ ದಾಟಿ ಜಪಾನಿಗೆ ಹೋದ ಸಂಸ್ಕೃತ. ಆ ಒಂದು ಅಡಿಬರಹ ಬಂದಾಗ ಸಭಾಭವನದಲ್ಲಿ ಎದ್ದ ಗುಜುಗುಜು ಕೇಳಿದವರೆಲ್ಲ ಅವರನ್ನು ನೆನೆಯಬೇಕು.

ಮೀನಿನ ಸಾರು ಹಾಕದ ಊಟ ಶಿಕೋಕುವಿನಲ್ಲಿ ಸಿಗುವುದು ಕಷ್ಟ, ತರಕಾರಿ ಸೂಪಿನಲ್ಲೂ ಅದು ಇರುತ್ತದೆ. ಖಟಕ ರೊಟ್ಟಿ, ಗುರೆಳ್ಳು ಚಟ್ನಿಪುಡಿ ಕಟ್ಟಿಕೊಟ್ಟ ಮನೆಗಳಿಗೆ ಶರಣು.

ಪ್ರದರ್ಶನದ ದಿನ ಚಿಗರಿ ಬಸ್ಸು ಹಿಡಿದು ಬಂದವರಿಗೆ, ನಿಂತು ನೋಡಿದವರಿಗೆ, ತಪ್ಪು ಹಿಡಿದವರಿಗೆ ಕೂಡ. ದ್ವೀಪದ ನಾಲ್ಕು ಪ್ರಾಂತಗಳನ್ನು ಸಾಧನೆಯ ನಾಲ್ಕು ಮೆಟ್ಟಿಲುಗಳೆಂದು ಎಣಿಸುತ್ತಾರೆ. ನಾಲ್ಕನೆಯದಾದ ಕಾಗಾವಾಕ್ಕೆ ನಾವು ‘ಮೋಕ್ಷ’ ಎಂದು ಬರೆದಿದ್ದೆವು. ಅದು ‘ನೆಹಾನ್’, ಅಂದರೆ ನಿರ್ವಾಣ, ಎಂದು ಗದಗಿನ ಹಿರಿಯರೊಬ್ಬರು ಬಾಗಿಲಲ್ಲೇ ತಿದ್ದಿದರು. ಸರಿಪಡಿಸುತ್ತೇವೆ. ಎರಡು ಸಾಲಿನ ಅಡಿಬರಹದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಸಾಲಿನ ಗುಡಿಸಿಗೆ ತಾಗುತ್ತಿತ್ತು, ಸಾಲಿನ ಅಂತರ ಹೆಚ್ಚಿಸಿದ್ದಾಗಿದೆ.

ಗದಗ, ಹಾವೇರಿಯಲ್ಲಿ ಪ್ರೊಜೆಕ್ಟರ್ ಕೊಡಲು ಮುಂದೆ ಬಂದವರಲ್ಲಿ ಒಂದೇ ಬಿನ್ನಹ: ತೆರೆಯನ್ನು ಎದುರು ಸಾಲಿನವರ ತಲೆಗಿಂತ ಎತ್ತರದಲ್ಲಿ ಕಟ್ಟಿರಿ. ಧಾರವಾಡದಲ್ಲಿ ಹಿಂದೆ ಕೂತವರಿಗೆ ಅಡಿಬರಹದ ಕೆಳಸಾಲು ಕಾಣಲಿಲ್ಲ.